ಅಮೆರಿಕದಲ್ಲಿ ಮನೆ ತಗೊಳ್ಳೋಕೆ, ಮಾರೋಕೆ ಏಜೆಂಟ್ ಯಾಕೆ ಬೇಕು

ಝಿಲ್ಲೋ, ರೆಡ್‌ಫಿನ್ ಎಲ್ಲಾ ಫೋನಲ್ಲೇ ಇದೆ, ಮನೆ ನಾವೇ ಹುಡುಕ್ಕೋತೀವಿ, ಮತ್ಯಾಕೆ ಏಜೆಂಟ್‌ಗೆ ಎರಡೂವರೆ ಪರ್ಸೆಂಟ್ ಕೊಡ್ಬೇಕು ಅಂತ ಹೊಸದಾಗಿ ಮನೆ ನೋಡೋಕೆ ಶುರು ಮಾಡಿರೋರು ಕೇಳ್ತಾನೇ ಇರ್ತಾರೆ. ನ್ಯಾಯವಾದ ಪ್ರಶ್ನೆನೇ. 7 ಲಕ್ಷ ಡಾಲರ್ ಮನೆಗೆ ಎರಡೂವರೆ ಪರ್ಸೆಂಟ್ ಅಂದ್ರೆ 17,500 ಡಾಲರ್, ಸಣ್ಣ ದುಡ್ಡಲ್ಲ ಅದು. ಬರೀ ಮನೆ ತೋರ್ಸೋದಕ್ಕೇ ಆದ್ರೆ ಅಷ್ಟು ಕೊಡೋದು ಬೇಡ ಅಂತ ನಾನೂ ಹೇಳ್ತೀನಿ. ಆದ್ರೆ ಆಫರ್ ಒಪ್ಪಿದ ಮೇಲಿಂದ ಕೀ ಕೈಗೆ ಬರೋವರೆಗೂ ಒಂದು ತಿಂಗಳು, ಒಂದೂವರೆ ತಿಂಗಳು ನಡೆಯತ್ತಲ್ಲ, ಆ ಟೈಮಲ್ಲಿ ನಿಮ್ಮ ಕಡೆ ನಿಂತ್ಕೊಂಡು ಕೆಲಸ ಮಾಡೋಕೆ ಒಬ್ಬರು ಬೇಕೇ ಬೇಕು, ಏಜೆಂಟ್ ದುಡ್ಡು ವಸೂಲಾಗೋದು ಅಲ್ಲೇ.

ಮೊದಲು ಇಲ್ಲಿನ ವ್ಯವಸ್ಥೆ ಹೇಗಿದೆ ಅಂತ ನೋಡಿ. ನಮ್ಮ ಕಡೆ ಒಬ್ಬನೇ ಬ್ರೋಕರ್ ಎರಡೂ ಕಡೆಯಿಂದ ಕಮಿಷನ್ ತಗೊಂಡು ವ್ಯಾಪಾರ ಕುದುರಿಸ್ತಾನೆ. ಇಲ್ಲಿ ಮಾರೋರಿಗೆ ಒಬ್ಬ ಲಿಸ್ಟಿಂಗ್ ಏಜೆಂಟ್, ತಗೊಳ್ಳೋರಿಗೆ ಇನ್ನೊಬ್ಬ ಬೈಯರ್ ಏಜೆಂಟ್. ಮನೆ ಮುಂದಿನ ಬೋರ್ಡಲ್ಲಿರೋ ನಂಬರ್‌ಗೆ ಫೋನ್ ಮಾಡಿದ್ರೆ ಸಿಗೋದು ಮಾರೋರ ಕಡೆಯವರು, ಅವರು ಎಷ್ಟೇ ಚೆನ್ನಾಗಿ ಮಾತಾಡಿಸಿದ್ರೂ ಸರಿ, "ಬೇಕಾದ್ರೆ ಇನ್ನೂ ಇಪ್ಪತ್ತು ಸಾವಿರ ಹೆಚ್ಚು ಕೊಡ್ತೀವಿ" ಅಂತ ನೀವು ಬಾಯಿಬಿಟ್ರೆ ಅದು ನೇರವಾಗಿ ಮಾರೋರಿಗೆ ಹೋಗತ್ತೆ, ಹೋಗ್ಬೇಕಾದ್ದೇ, ಅವರ ಡ್ಯೂಟಿ ಇರೋದು ಮಾರೋರ ಕಡೆಗೆ. ಒಬ್ಬರೇ ಎರಡೂ ಕಡೆ ಕೆಲಸ ಮಾಡೋದಕ್ಕೆ ಡ್ಯುಯಲ್ ಏಜೆನ್ಸಿ ಅಂತಾರೆ. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರೂ ಬರೆದು ಒಪ್ಪಿಗೆ ಕೊಟ್ರೆ ನಡೆಯತ್ತೆ, ಫ್ಲೋರಿಡಾ, ಕೊಲೊರಾಡೋದಲ್ಲಿ ಅದಕ್ಕೆ ಅವಕಾಶನೇ ಇಲ್ಲ. ಕಾನೂನು ಬಿಟ್ಟರೂ ನನ್ನ ಪ್ರಕಾರ ಅದು ಬೇಡ.

ದುಡ್ಡಿನ ವಿಷಯ 2024ರಲ್ಲಿ ಬದಲಾಯ್ತು. ಮುಂಚೆ ಮಾರೋರು ಕೊಡೋ ಕಮಿಷನ್‌ನಲ್ಲೇ ಬೈಯರ್ ಏಜೆಂಟ್ ಪಾಲೂ ಸೇರಿರ್ತಿತ್ತು, ಎಷ್ಟು ಅಂತ ಎಂಎಲ್‌ಎಸ್‌ನಲ್ಲೇ (ಏಜೆಂಟ್‌ಗಳು ಮಾರೋ ಮನೆಗಳ ವಿವರ ಹಂಚ್ಕೊಳ್ಳೋ ಪಟ್ಟಿ) ಹಾಕಿರ್ತಿದ್ರು, ತಗೊಳ್ಳೋರಿಗೆ ಅದರ ಲೆಕ್ಕನೇ ಗೊತ್ತಾಗ್ತಿರಲಿಲ್ಲ. ಏಜೆಂಟ್‌ಗಳ ಸಂಘ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಮೇಲೆ ಕಮಿಷನ್ ವಿಷಯಕ್ಕೆ ನಡೆದ ಕೇಸ್ ಸೆಟಲ್ ಆದ ಮೇಲೆ, 2024ರ ಆಗಸ್ಟ್ 17ರಿಂದ, ಏಜೆಂಟ್ ನಿಮಗೆ ಮನೆ ತೋರ್ಸೋಕೆ ಮುಂಚೆನೇ ಬರವಣಿಗೆಯಲ್ಲಿ ಅಗ್ರಿಮೆಂಟ್ ಆಗಿರ್ಬೇಕು, ಅದರಲ್ಲಿ ಫೀಸ್ ಇಷ್ಟೇ ಅಂತ ಸ್ಪಷ್ಟವಾಗಿ ಇರ್ಬೇಕು, ಅದಕ್ಕಿಂತ ಹೆಚ್ಚು ಯಾರಿಂದಲೂ ಅವರು ತಗೊಳ್ಳೋ ಹಾಗಿಲ್ಲ. ಎಂಎಲ್‌ಎಸ್‌ನಲ್ಲಿ ಆ ಪಾಲನ್ನ ಹಾಕೋ ಹಾಗೂ ಇಲ್ಲ. ಆದ್ರೆ ನಿಮ್ಮ ಏಜೆಂಟ್ ಫೀಸನ್ನ ಮಾರೋರೇ ಕೊಡ್ಲಿ ಅಂತ ಆಫರ್‌ನಲ್ಲಿ ಕೇಳ್ಬೋದು, ಈಗಲೂ ಬಹಳ ಕಡೆ ಹಾಗೇ ನಡೀತಿದೆ. ಆ ಅಗ್ರಿಮೆಂಟನ್ನ ಕಣ್ಣುಮುಚ್ಚಿ ಸೈನ್ ಮಾಡ್ಬೇಡಿ. ಫೀಸ್, ಎಷ್ಟು ದಿನಕ್ಕೆ, ಯಾವ ಏರಿಯಾಗೆ, ಎಲ್ಲಾ ಚೌಕಾಸಿ ಮಾಡ್ಬೋದು. ಆರು ತಿಂಗಳಿಗೆ ಕೇಳಿದ್ರೆ ಮೊದಲು ಒಂದು ತಿಂಗಳಿಗೆ ಮಾಡೋಣ ಅನ್ನಿ. ಯಾರು ಬೇಕಾದ್ರೂ ಬಂದು ಮನೆ ನೋಡ್ಬೋದಾದ ಓಪನ್ ಹೌಸ್‌ಗೆ ಬರೀ ಹೋಗಿ ಬರೋದಕ್ಕೆ ಇದ್ಯಾವುದೂ ಬೇಡ.

ಬಿಲ್ಡರ್ ಹೊಸದಾಗಿ ಕಟ್ಟೋ ಬಡಾವಣೆ, ಅಂದ್ರೆ ಹೊಸ ಕಮ್ಯೂನಿಟಿ ನೋಡೋರಿಗೆ ಒಂದು ಮಾತು, ನಮ್ಮವರಲ್ಲಿ ಇಂಥೋರೇ ಜಾಸ್ತಿ. ಮಾಡೆಲ್ ಹೋಮ್‌ನಲ್ಲಿ ಕೂತಿರೋ ಸೇಲ್ಸ್‌ನವರು ಬಿಲ್ಡರ್ ಸಂಬಳ ತಗೊಳ್ಳೋರು, ಬಿಲ್ಡರ್ ಕಾಂಟ್ರಾಕ್ಟ್ ಬಿಲ್ಡರ್ ವಕೀಲರೇ ಬರೆದಿದ್ದು. ವೀಕೆಂಡ್‌ನಲ್ಲಿ ಸುಮ್ನೆ ನೋಡ್ಕೊಂಡು ಬರೋಣ ಅಂತ ಹೋಗಿ ಫಾರ್ಮಲ್ಲಿ ಹೆಸರು ಬರೆದು ಬಂದ್ರೆ, ಆಮೇಲೆ ಏಜೆಂಟ್ ಕರ್ಕೊಂಡು ಹೋದಾಗ "ಮೊದಲ ಸಲ ಬಂದಾಗ ನಿಮ್ಮ ಜೊತೆ ಇರಲಿಲ್ಲ, ಅವರಿಗೆ ನಾವು ಕಮಿಷನ್ ಕೊಡಲ್ಲ" ಅಂತ ಹೇಳೋ ಬಿಲ್ಡರ್‌ಗಳು ತುಂಬಾ ಜನ ಇದ್ದಾರೆ. ಅದಕ್ಕೆ ಮೊದಲ ಭೇಟಿಗೇ ಏಜೆಂಟ್ ಜೊತೆ ಹೋಗಿ. ಟೆಕ್ಸಸ್‌ನಲ್ಲಾದ್ರೆ ಮನೆ ಮಡ್ ಡಿಸ್ಟ್ರಿಕ್ಟ್‌ನಲ್ಲಿ (ನೀರು, ಒಳಚರಂಡಿಗೆ ಬೇರೆ ಟ್ಯಾಕ್ಸ್ ಹಾಕೋ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್) ಇದ್ಯಾ, ಕ್ಯಾಲಿಫೋರ್ನಿಯಾದಲ್ಲಾದ್ರೆ ಬಡಾವಣೆ ಸೌಕರ್ಯಗಳಿಗೆ ಹಾಕೋ ಮೆಲ್ಲೋ-ರೂಸ್ ಟ್ಯಾಕ್ಸ್ ಇದ್ಯಾ ಅಂತ ಒಳ್ಳೆ ಏಜೆಂಟ್ ಮೊದಲೇ ಹೇಳ್ತಾರೆ. ಪ್ರಾಪರ್ಟಿ ಟ್ಯಾಕ್ಸ್ ಜೊತೆ ಇದೂ ಸೇರಿದ್ರೆ ತಿಂಗಳ ಲೆಕ್ಕ ಪೂರ್ತಿ ಬೇರೆ ಆಗತ್ತೆ.

ಈಗ ಆಫರ್ ಒಪ್ಪಿದ ಮೇಲಿನ ಕಥೆ. ಟೆಕ್ಸಸ್ ಉದಾಹರಣೆ ತಗೊಳ್ಳಿ. ಅರ್ನೆಸ್ಟ್ ಮನಿ ಅನ್ನೋ ಮುಂಗಡ ಅಲ್ದೆ ಆಪ್ಷನ್ ಫೀ ಅಂತ ಒಂದಿಷ್ಟು ಡಾಲರ್ ಕೊಟ್ಟು, ಕೆಲವು ದಿನ ಯಾವ ಕಾರಣಾನೂ ಕೊಡ್ದೆ ಕಾಂಟ್ರಾಕ್ಟ್ ಬಿಡೋ ಹಕ್ಕು ತಗೊಳ್ತೀರ. ಆ ಕೊನೇ ದಿನ ಸಂಜೆ 5 ಗಂಟೆಗೆ ಆ ಹಕ್ಕು ಮುಗೀತು, 5:10ಕ್ಕೆ ಇಮೇಲ್ ಹೋದ್ರೆ ಪ್ರಯೋಜನ ಇಲ್ಲ. ಆ ದಿನಗಳ ಒಳಗೇ ಇನ್ಸ್‌ಪೆಕ್ಷನ್ ಆಗ್ಬೇಕು. ರಿಪೋರ್ಟ್ ಹತ್ತಾರು ಪೇಜ್ ಬರತ್ತೆ, ಪ್ರತಿ ಪೇಜಲ್ಲೂ ಫೋಟೋ, ಕೆಂಪು ಬಾಣ, ಓದಿದ್ರೆ ಈ ಮನೆ ನಾಳೆನೇ ಬಿದ್ದೋಗತ್ತೇನೋ ಅನ್ಸತ್ತೆ. ಅಲ್ಲೇ ಅನುಭವ ಇರೋರು ಬೇಕಾಗೋದು. ಬಾಗಿಲ ಹಿಡಿ ಲೂಸ್, ಕಿಟಕಿ ಪಕ್ಕ ಸೀಲೆಂಟ್ ಹೋಗಿದೆ, ಇದನ್ನೆಲ್ಲಾ ಬಿಡಿ ಅಂತಾರೆ. ಊಟದ ಕೋಣೆ ಬಾಗಿಲ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಗೋಡೆ ಬಿರುಕು ಬಿಟ್ಟಿದೆ, ಅದೇ ಕಡೆ ಹೊರಗಡೆ ಇಟ್ಟಿಗೆನೂ ಸೀಳಿದೆ ಅಂದ್ರೆ, ಇಲ್ಲಿನ ಜೇಡಿಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗತ್ತೆ, ಫೌಂಡೇಶನ್ ಸರಿದಿರ್ಬೋದು, ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೆಸೋಣ, ಅಲ್ಲೀವರೆಗೂ ಆಪ್ಷನ್ ಪೀರಿಯಡ್ ಎರಡು ದಿನ ಮುಂದೂಡೋಕೆ ಇವತ್ತೇ ಅಮೆಂಡ್‌ಮೆಂಟ್ ಕಳಿಸೋಣ ಅಂತಾರೆ. ಈ ಒಂದು ಫೋನ್ ಕಾಲ್ ಅವರ ಪೂರ್ತಿ ಫೀಸ್‌ಗೆ ಸಮ, ನಾನು ಯೋಚ್ನೆ ಮಾಡಿನೇ ಹೇಳ್ತಿರೋದು.

ಬೇರೆ ಸ್ಟೇಟ್‌ನಲ್ಲಿ ನಿಯಮ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಇನ್ಸ್‌ಪೆಕ್ಷನ್, ಲೋನ್, ಅಪ್ರೈಸಲ್ (ಮನೆ ಬೆಲೆ ಎಷ್ಟು ಅಂತ ಬ್ಯಾಂಕ್‌ಗೋಸ್ಕರ ಅಳೆಯೋದು) ಒಂದೊಂದಕ್ಕೂ ಕಂಟಿಂಜೆನ್ಸಿ, ಅಂದ್ರೆ ಸರಿ ಬರ್ದೇ ಇದ್ರೆ ಬಿಡ್ಬೋದು ಅನ್ನೋ ಷರತ್ತು, ಇರತ್ತೆ, ಒಂದೊಂದನ್ನೂ ನೀವು ಸೈನ್ ಮಾಡಿ ತೆಗೀಬೇಕು. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ಕಡೆ ಏಜೆಂಟ್ ಜೊತೆ ವಕೀಲರೂ ಬೇಕು. ಅಪ್ರೈಸಲ್ ಕಡಿಮೆ ಬಂದ್ರೆ ಅದು ಇನ್ನೊಂದು ತಲೆನೋವು: 6 ಲಕ್ಷಕ್ಕೆ ಒಪ್ಪಿದ ಮನೆಗೆ ಅಪ್ರೈಸರ್ 5,80,000 ಅಂದ್ರೆ ಬ್ಯಾಂಕ್ ಆ 5,80,000 ಮೇಲೇ ಲೋನ್ ಲೆಕ್ಕ ಹಾಕತ್ತೆ, ಉಳಿದ 20,000 ನಿಮ್ಮ ಜೇಬಿಂದ. ಕಂಟಿಂಜೆನ್ಸಿ ಇಟ್ಕೊಂಡಿದ್ರೆ ಏಜೆಂಟ್ ಅದನ್ನಿಟ್ಕೊಂಡು ಬೆಲೆ ಇಳಿಸೋಕೆ ಕೂತ್ಕೋತಾರೆ, ಮನೆ ಸಿಗಲಿ ಅಂತ ಆತುರದಲ್ಲಿ ಬಿಟ್ಕೊಟ್ಟಿದ್ರೆ ಮಾತಾಡೋಕೆ ದಾರಿನೇ ಇರಲ್ಲ.

ಏಜೆಂಟ್ ಹತ್ರ ಕೇಳ್ಬಾರದ್ದೂ ಒಂದಿದೆ. "ಈ ಏರಿಯಾದಲ್ಲಿ ಇಂಡಿಯನ್ಸ್ ಎಷ್ಟು ಜನ ಇದ್ದಾರೆ?" ಅಂತ ನಮ್ಮವರು ಸಹಜವಾಗಿ ಕೇಳ್ಬಿಡ್ತಾರೆ, ಏಜೆಂಟ್ ಸುಮ್ನಾಗ್ತಾರೆ, ಇವರೇನು ಸರಿಯಾಗಿ ಉತ್ತರಾನೇ ಕೊಡಲ್ಲ ಅಂತ ಇವರಿಗೆ ಬೇಜಾರು. 1968ರ ಫೇರ್ ಹೌಸಿಂಗ್ ಕಾಯ್ದೆ ಪ್ರಕಾರ ಜನಾಂಗ, ಧರ್ಮ, ಮೂಲ ದೇಶ ನೋಡಿ ಯಾರನ್ನೂ ಒಂದು ಏರಿಯಾ ಕಡೆಗೆ ತಳ್ಳೋ ಹಾಗಿಲ್ಲ, ಹಾಗೆ ಮಾಡಿದ್ರೆ ಅವರ ಲೈಸೆನ್ಸ್‌ಗೇ ಕುತ್ತು. ಅದನ್ನ ನೀವೇ ಸಂಜೆ ಹೊತ್ತು ಅಲ್ಲಿ ಒಂದು ರೌಂಡ್ ನಡೆದು ನೋಡ್ಕೊಳ್ಳಿ. ಪೂರ್ವಕ್ಕೆ ಬಾಗಿಲು ಬೇಕು, ಅಡುಗೆಗೆ ಗ್ಯಾಸ್ ಒಲೆ ಬೇಕು ಅಂತೆಲ್ಲಾ ಧಾರಾಳವಾಗಿ ಹೇಳ್ಬೋದು.

ಆರಿಸೋವಾಗ ಮುಲಾಜಿಗೆ ಬೀಳ್ಬೇಡಿ. ಕನ್ನಡ ಕೂಟದಲ್ಲಿ ಸಿಕ್ಕಿದೋರು, ಐಟಿ ಕೆಲಸದ ಜೊತೆಗೆ ಲೈಸೆನ್ಸೂ ಇಟ್ಕೊಂಡಿರೋರು, ಒಳ್ಳೆಯೋರೇ ಇರ್ತಾರೆ, ಆದ್ರೆ ವಾರದ ದಿನ ಮಧ್ಯಾಹ್ನ ಇನ್ಸ್‌ಪೆಕ್ಷನ್‌ಗೆ ಬರೋಕಾಗತ್ತಾ, ಹೋದ ವರ್ಷ ಎಷ್ಟು ಮನೆ ಕ್ಲೋಸ್ ಮಾಡ್ಸಿದ್ರಿ, ಅಂದ್ರೆ ವ್ಯಾಪಾರ ಮುಗಿಸಿದ್ರಿ, ಅಂತ ಅವರನ್ನೂ ಕೇಳಿ. ಲೈಸೆನ್ಸ್ ಸರಿಯಾಗಿದ್ಯಾ, ಶಿಸ್ತುಕ್ರಮ ಏನಾದ್ರೂ ಆಗಿದ್ಯಾ ಅಂತ ಸ್ಟೇಟ್‌ನ ರಿಯಲ್ ಎಸ್ಟೇಟ್ ಇಲಾಖೆ ವೆಬ್‌ಸೈಟಲ್ಲಿ ಹೆಸರು ಹಾಕಿದ್ರೆ ಗೊತ್ತಾಗತ್ತೆ.

ಮಾರೋ ಕಡೆ ಬಂದ್ರೆ, ಬೆಲೆ ಇಡೋದೇ ದೊಡ್ಡ ಕೆಲಸ. ಪಕ್ಕದ ಬೀದಿಯವರು ಎಷ್ಟಕ್ಕೆ ಲಿಸ್ಟ್ ಮಾಡಿದ್ದಾರೆ ಅನ್ನೋದಲ್ಲ, ಎಷ್ಟಕ್ಕೆ ನಿಜವಾಗಿ ಮಾರಿದ್ರು ಅನ್ನೋದು ಲೆಕ್ಕ, ಟೆಕ್ಸಸ್‌ನಂಥ ಕಡೆ ಮಾರಾಟದ ಬೆಲೆ ಸರ್ಕಾರಿ ದಾಖಲೆಲಿ ಸಿಗಲ್ಲ, ಎಂಎಲ್‌ಎಸ್‌ನಲ್ಲಿ ಏಜೆಂಟ್‌ಗೆ ಮಾತ್ರ ಕಾಣತ್ತೆ. ಮನೆ ದೋಷಗಳನ್ನ ತಿಳಿಸೋ ಡಿಸ್‌ಕ್ಲೋಶರ್ ಫಾರ್ಮಲ್ಲಿ ಹಳೇ ಸೋರಿಕೆ ಬರೆಯೋದು ಬಿಟ್ರೆ ತಗೊಂಡೋರು ಮುಂದೆ ಕೋರ್ಟ್‌ಗೆ ಎಳೀಬೋದು, ಏಜೆಂಟ್ ಅದನ್ನೂ ಕೂತು ತುಂಬಿಸ್ತಾರೆ.

ಊರಿಗೆ ವಾಪಸ್ ಹೋಗೋ ಪ್ಲಾನ್ ಇರೋರು ಇದನ್ನ ಮಾತ್ರ ಮರೀಬೇಡಿ. ಇಲ್ಲಿರೋವರೆಗೆ, ಎಚ್-1ಬಿ ವೀಸಾದಲ್ಲಿದ್ರೂ, ದಿನಗಳ ಲೆಕ್ಕದಲ್ಲಿ ಟ್ಯಾಕ್ಸ್ ರೆಸಿಡೆಂಟ್ ಆಗಿದ್ರೆ ತೊಂದರೆ ಇಲ್ಲ. ಹೋಗಿ ನಾನ್-ರೆಸಿಡೆಂಟ್ ಆದ ಮೇಲೆ ಅಲ್ಲಿಂದ ಮನೆ ಮಾರಿದ್ರೆ ಫಿರ್ಪ್ಟಾ ಅನ್ನೋ ಟ್ಯಾಕ್ಸ್ ಕಾನೂನು ಬರತ್ತೆ, ಮಾರಿದ ಬೆಲೆಯ 15 ಪರ್ಸೆಂಟ್ ಹಿಡ್ಕೊಂಡು ತಗೊಂಡೋರು ಐಆರ್‌ಎಸ್‌ಗೆ (ಇಲ್ಲಿನ ಟ್ಯಾಕ್ಸ್ ಇಲಾಖೆ) ಕಟ್ಬೇಕು, ಲಾಭದ ಮೇಲಲ್ಲ, ಪೂರ್ತಿ ಬೆಲೆ ಮೇಲೆ. ತಗೊಳ್ಳೋರು ತಾವೇ ವಾಸ ಮಾಡೋಕೆ ತಗೊಂಡಿದ್ದು ಬೆಲೆ 10 ಲಕ್ಷ ಡಾಲರ್ ಒಳಗಿದ್ರೆ 10 ಪರ್ಸೆಂಟ್, 3 ಲಕ್ಷದ ಒಳಗಿದ್ರೆ ಏನೂ ಇಲ್ಲ. 8 ಲಕ್ಷಕ್ಕೆ ಮಾರಿದ್ರೆ ಹಾಗೆ 80,000 ಅಥವಾ 1,20,000 ಡಾಲರ್ ಸಿಕ್ಕಿಹಾಕ್ಕೊಳ್ಳತ್ತೆ, ನಿಜವಾದ ಟ್ಯಾಕ್ಸ್ ಕಳೆದು ಉಳಿದಿದ್ದನ್ನ ರಿಟರ್ನ್ ಫೈಲ್ ಮಾಡಿ ವಾಪಸ್ ತಗೋಬೇಕು. ಇಂಥ ಮಾರಾಟ ಮಾಡ್ಸಿರೋ ಏಜೆಂಟ್ ಸಿಕ್ಕಿದ್ರೆ ಲಿಸ್ಟ್ ಮಾಡೋ ದಿನಾನೇ ನಿಮ್ಮನ್ನ ಟ್ಯಾಕ್ಸ್ ನೋಡೋ ಸಿಪಿಎ ಹತ್ರ ಕಳಿಸ್ತಾರೆ, ಪವರ್ ಆಫ್ ಅಟಾರ್ನಿ, ಮನೆ ದಾಖಲೆ ಪರಿಶೀಲಿಸೋ ಟೈಟಲ್ ಕಂಪನಿಗೆ ಒಪ್ಪಿಗೆ ಆಗೋ ಹಾಗೆ ಮೊದಲೇ ಬರೆಸ್ತಾರೆ, ಹಿಡಿಯೋ ಮೊತ್ತ ಕಡಿಮೆ ಮಾಡಿ ಅಂತ ಕೇಳೋ ಫಾರ್ಮ್ 8288-ಬಿ ಕ್ಲೋಸಿಂಗ್ ದಿನದ ಒಳಗೇ ಐಆರ್‌ಎಸ್‌ಗೆ ಹೋಗೋ ಹಾಗೆ ನೋಡ್ಕೋತಾರೆ. ಆ ದಿನ ದಾಟಿದ್ರೆ ಆ ದಾರಿ ಮುಚ್ಚಿತು ಅಂತಲೇ ತಿಳ್ಕೊಳ್ಳಿ.