ಹುಣ್ಣಿಮೆ ನೋಡಿಕೊಂಡು ಹೊರಟ ಪ್ರವಾಸ: ಅಳಿವೆಗಳ ದಡದಲ್ಲಿ ನಾವಿಬ್ಬರು

ಕುಮಟಾದಿಂದ ಕುಂದಾಪುರದವರೆಗೆ ಕರಾವಳಿಯ ಹೆದ್ದಾರಿ ಸುಮಾರು 100 ಕಿಲೋಮೀಟರ್. ಇಷ್ಟು ದೂರದೊಳಗೇ ಅಘನಾಶಿನಿ, ಶರಾವತಿ, ಬೈಂದೂರಿನ ಸುಮನಾ ಮತ್ತು ಗಂಗೊಳ್ಳಿಯಲ್ಲಿ ಒಂದಾಗುವ ಐದು ನದಿಗಳು ಕಡಲನ್ನು ಸೇರುತ್ತವೆ. ಮದುವೆಯ ವಾರ್ಷಿಕೋತ್ಸವಕ್ಕೆ ಸಮುದ್ರಕ್ಕೆ ಹತ್ತಿರವಾಗಿಯೂ ಪೇಟೆಗೆ ದೂರವಾಗಿಯೂ ಇರುವ ಹಳ್ಳಿಗಳಲ್ಲಿ ಕೆಲವು ದಿನ ಕಳೆಯೋಣವೆಂದು ನಾನು ಮತ್ತು ನನ್ನ ಪತಿ ಯೋಚಿಸಿದಾಗ, ಈ ಅಳಿವೆಗಳನ್ನೇ ಒಂದೊಂದಾಗಿ ನೋಡುತ್ತ ದಕ್ಷಿಣಕ್ಕೆ ಇಳಿಯುವುದೆಂದು ನಿಶ್ಚಯಿಸಿದೆವು. ಅಳಿವೆಯ ಬಾಯಲ್ಲಿ ನಿಂತವರಿಗೆ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ನದಿ, ನದಿಯ ಎರಡೂ ದಡಗಳಲ್ಲಿ ತೆಂಗಿನ ತೋಟ, ಅದರಾಚೆಗೆ ಸಹ್ಯಾದ್ರಿಯ ಸಾಲು ಎಲ್ಲವೂ ಒಟ್ಟಿಗೆ ಕಾಣುತ್ತವೆ. ವಾರಾಂತ್ಯದ ಜನಜಂಗುಳಿ ಕಾರು ನಿಲ್ಲಿಸಲು ಸುಲಭವಾಗಿರುವ ಬೀಚುಗಳಲ್ಲೇ ಉಳಿಯುವುದರಿಂದ, ಇಬ್ಬರೇ ಕೂತು ಮಾತನಾಡಲು ಬೇಕಾದ ಏಕಾಂತವೂ ಇಂಥಲ್ಲಿಯೇ ಸಿಗುತ್ತದೆ.

ದಿನ ಗೊತ್ತುಮಾಡುವುದಕ್ಕೆ ನಾವು ರಜೆಯ ಪಟ್ಟಿಗಿಂತ ಮೊದಲು ನೋಡಿದ್ದು ಗೋಡೆಯ ಕ್ಯಾಲೆಂಡರಿನ ಹುಣ್ಣಿಮೆಯನ್ನು. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಹುಟ್ಟುತ್ತಾನೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಆದರೆ ಆ ಎರಡನ್ನೂ ನೀರಿನ ಮೇಲೆಯೇ ನೋಡುವ ಅವಕಾಶ ಅಳಿವೆಯ ದಡದಲ್ಲಿ ಮಾತ್ರ ಇದೆ. ಇದರೊಂದಿಗೆ ಇನ್ನೂ ಒಂದು ಅನುಕೂಲವಿದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಸಂಜೆಯ ಹೊತ್ತಿಗೆ ನೀರು ಚೆನ್ನಾಗಿ ಇಳಿದಿರುತ್ತದೆ, ಮರಳಿನ ದಿಬ್ಬಗಳು ತೆರೆದುಕೊಂಡು ನಡೆಯಲು ಬೇಕಾದಷ್ಟು ಜಾಗ ಸಿಗುತ್ತದೆ. ಮುಂದಿನ ದಿನಗಳಲ್ಲಿ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ. ನಾವು ಆರಿಸಿಕೊಂಡದ್ದು ಡಿಸೆಂಬರ್ ತಿಂಗಳ ಹುಣ್ಣಿಮೆ. ಆಗ ಸೂರ್ಯಾಸ್ತ ಆರು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಆಗುತ್ತದೆ, ಸೆಕೆಯೂ ಕಡಿಮೆ ಇರುತ್ತದೆ.

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿಯಿಡೀ ಓಡಿ ಬೆಳಿಗ್ಗೆ ಕುಮಟಾಕ್ಕೆ ತಲುಪಿಸುತ್ತದೆ. ಅಲ್ಲಿಂದ ಬಾಡ, ಕಾಗಾಲ ದಾರಿಯಾಗಿ ಅಘನಾಶಿನಿ ಊರಿನ ಕಡೆಗೆ ಆಟೊದಲ್ಲಿ ಹೋದೆವು. ಉಳಿದುಕೊಂಡದ್ದು ತೋಟದ ನಡುವಿನ ಹಂಚಿನ ಮನೆಯೊಂದರಲ್ಲಿ, ಆ ಮನೆಯವರು ಅತಿಥಿಗಳಿಗಾಗಿ ಬಿಟ್ಟುಕೊಟ್ಟಿದ್ದ ಕೋಣೆಯಲ್ಲಿ. ಕೋಣೆಯ ಮುಂದೆ ಒಂದು ಜಗಲಿ, ಅಂಗಳ ದಾಟಿದರೆ ಗಜನಿ ಎಂಬ ಉಪ್ಪುನೀರಿನ ಗದ್ದೆಯ ಒಡ್ಡು, ಒಡ್ಡಿನ ಆಚೆ ಹೊಳೆ.

ಈ ಪ್ರವಾಸದಲ್ಲಿ ನಮ್ಮಿಬ್ಬರಿಗೂ ಅತ್ಯಂತ ಹಿಡಿಸಿದ ಜಾಗ ಆ ಒಡ್ಡೇ. ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದಾರಿಯಲ್ಲಿ ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಕ್ಕದೆ ಕಡಲನ್ನು ಸೇರುವ ನದಿ. ಇದರ ಅಳಿವೆಗೆ 2024ರಲ್ಲಿ, ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ಸಿಕ್ಕಿದೆ. ಉಪ್ಪುನೀರು ನುಗ್ಗುವ ಗಜನಿಗಳಲ್ಲಿ ಮಳೆಗಾಲದಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಜಂತ್ರಡಿ ಎಂದು ಇಲ್ಲಿಯವರು ಕರೆಯುವ ತೂಬಿನ ಬಾಗಿಲುಗಳ ಮೂಲಕ ಹೊಳೆಯ ನೀರು ಒಳಗೆ ಬಂದು, ಅದೇ ಗದ್ದೆಯಲ್ಲಿ ಶೆಟ್ಲಿಯೂ (ಸಿಗಡಿ) ಮೀನೂ ಬೆಳೆಯುತ್ತವೆ. ನಾವು ಹೋದಾಗ ಕೊಯ್ಲು ಮುಗಿದಿತ್ತು. ನೀರು ತುಂಬಿಕೊಂಡ ಗದ್ದೆಗಳಲ್ಲಿ ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು, ಒಡ್ಡಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲವಿತ್ತು. ಬೆಂಗಳೂರಿನಲ್ಲಿ ಒಂದೇ ಮನೆಯಲ್ಲಿದ್ದೂ ಫೋನಿನಲ್ಲಿ ಸಂದೇಶ ಕಳಿಸಿಕೊಳ್ಳುವ ನಮಗೆ, ಹಿಂದಿನವರು ಹೇಳಿದ್ದು ಕೇಳಿಸದೆ ಆಗಾಗ ನಿಂತು ತಿರುಗಬೇಕಾದ ಆ ನಡಿಗೆ ಹೊಸದಾಗಿತ್ತು. ಇವರು ಕಾಲೇಜಿನ ದಿನಗಳ ಯಾವುದೋ ಕಥೆಯನ್ನು ಒಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಹೇಳಿ ಮುಗಿಸಿದರು. ಇಷ್ಟು ವರ್ಷ ನನಗೆ ಅದನ್ನು ಹೇಳಿರಲೇ ಇಲ್ಲ!

ಹುಣ್ಣಿಮೆಯ ಸಂಜೆ ಅಘನಾಶಿನಿ ಊರಿನ ದಡದಲ್ಲಿ ಕೂತೆವು. ಎದುರಿಗೆ ತದಡಿ ಬಂದರು, ಅಲ್ಲಿಗೆ ಜನರನ್ನೂ ಬೈಕುಗಳನ್ನೂ ಹೇರಿಕೊಂಡು ಹೋಗಿ ಬರುವ ದೋಣಿ. ಸೂರ್ಯ ಕಡಲಿಗೆ ಮುಟ್ಟುವ ಹೊತ್ತಿಗೆ ಪೂರ್ವದ ಬೆಟ್ಟಗಳ ಮೇಲೆ ಚಂದ್ರ ಮಂಕಾಗಿ, ಗುರುತು ಹಿಡಿಯಲಾಗದಷ್ಟು ತೆಳ್ಳಗಿನ ಬಣ್ಣದಲ್ಲಿ ಕಾಣಿಸಿಕೊಂಡ. ಬೆಳಕು ಪೂರ್ತಿ ಕಂದಿದ ಮೇಲೆಯೇ ಅವನ ಹೊಳಪು ಹೊಳೆಯ ನೀರಿಗೆ ಇಳಿಯುವುದು. ಆದ್ದರಿಂದ ಸೂರ್ಯ ಮುಳುಗಿದ ಕೂಡಲೇ ಎದ್ದು ಹೊರಡದೆ ಇನ್ನೂ ಅರ್ಧ ಗಂಟೆಯಾದರೂ ಕಾಯಬೇಕು. ಕಾಯುವುದಕ್ಕೆ ಒಂದು ಟಾರ್ಚ್, ಒಂದು ತೆಳು ಹೊದಿಕೆ, ಮನೆಯಿಂದ ತುಂಬಿಸಿಕೊಂಡು ಬಂದ ಚಹಾದ ಫ್ಲಾಸ್ಕ್ ಇದ್ದರೆ ಸಾಕು.

ಮರುದಿನ ಹಗಲು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವುದನ್ನು ನೋಡಬೇಕೆಂದು ನಾನು ಹೊರಟಾಗ ಮನೆಯ ಅಮ್ಮ ತಡೆದರು. "ಈಗ ಬೇಡ ತಂಗಿ, ನೀರು ಏರ್ತಾ ಇದೆ. ನಾಳೆ ಬೆಳಿಗ್ಗೆ ಇಳೀತದೆ, ಆಗ ಹೋಗಿ" ಎಂದರು. ಅವರು ಹೇಳಿದಂತೆ ಬೆಳಗಿನ ಇಳಿತದಲ್ಲಿ ಹೋದೆವು. ಹೆಂಗಸರು ಸೊಂಟದುದ್ದದ ನೀರಿನಲ್ಲಿ ನಿಂತು, ಕಾಲ್ಬೆರಳಿನಿಂದ ಕೆಸರನ್ನು ತಡಕಿ, ಗಟ್ಟಿಯಾಗಿ ಏನಾದರೂ ತಗುಲಿದರೆ ಬಾಗಿ ಕೈಯಿಂದ ತೆಗೆದು, ಪಕ್ಕದಲ್ಲಿ ತೇಲುತ್ತಿದ್ದ ಪಾತ್ರೆಗೆ ಹಾಕುತ್ತಿದ್ದರು. ಕಣ್ಣು ನೀರಿನ ಕಡೆಗೆ ಇರಲೇ ಇಲ್ಲ, ಪಕ್ಕದವರೊಡನೆ ಮಾತು ನಡೆದೇ ಇತ್ತು. ಅವರ ಒಪ್ಪಿಗೆಯಿಲ್ಲದೆ ಫೋಟೊ ತೆಗೆಯಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅದು ಅವರ ದುಡಿಮೆಯ ಹೊತ್ತು. ಮಧ್ಯಾಹ್ನ ಕಗ್ಗದ ಕೆಂಪು ಅನ್ನದ ಗಂಜಿ, ಅಪ್ಪೆಮಿಡಿಯ ಉಪ್ಪಿನಕಾಯಿ ಮತ್ತು ಮುರುಗಲಿನ ಪಾನಕ ಬಡಿಸಿದರು. ಮೀನು ತಿನ್ನುವ ಇವರಿಗೆ ಪಕ್ಕದ ಊರಿನಲ್ಲಿ ಬಳಚಿನ ಸುಕ್ಕಾ ಸಿಕ್ಕಿತು. ಇಂಥ ಮನೆಗಳಲ್ಲಿ ಉಳಿಯುವವರು ಏನು ತಿನ್ನುತ್ತೇವೆಂಬುದನ್ನು ಹಿಂದಿನ ದಿನವೇ ತಿಳಿಸಿಬಿಡಬೇಕು, ಮನೆಯವರು ಮೀನಿನ ಅಡುಗೆ ಮಾಡುತ್ತಾರೋ ಇಲ್ಲವೋ ಎಂಬುದನ್ನೂ ಕೋಣೆ ಹಿಡಿಯುವಾಗಲೇ ಕೇಳಿಕೊಳ್ಳಬೇಕು.

ಒಂದು ಮಧ್ಯಾಹ್ನ ಮಿರ್ಜಾನ್ ಕೋಟೆಗೆ ಹೋಗಿ ಬಂದೆವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಕೆಂಪುಕಲ್ಲಿನ ಕೋಟೆ ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ದೂರದಲ್ಲಷ್ಟೇ ಇದೆ. ಕಾಳುಮೆಣಸಿನ ವ್ಯಾಪಾರದಿಂದಾಗಿ ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದೇ ಕರೆದರು. ಮಳೆಗಾಲ ಕಳೆದ ಕೆಲವು ತಿಂಗಳವರೆಗೆ ಗೋಡೆಗಳ ಮೇಲೆ ಪಾಚಿಯ ಹಸಿರು ಉಳಿದಿರುತ್ತದೆ. ಜೋಡಿಗಳು ಫೋಟೊ ತೆಗೆಸಿಕೊಳ್ಳಲು ಹೆಚ್ಚಾಗಿ ಬರುವ ಜಾಗವೆಂಬುದು ನಿಜವಾದರೂ, ಕೋಟೆ ವಿಶಾಲವಾಗಿರುವುದರಿಂದ ಯಾರೂ ಯಾರಿಗೂ ಅಡ್ಡಿಯಾಗುವುದಿಲ್ಲ. ಗೋಕರ್ಣವನ್ನು ನಾವು ಬೇಕೆಂದೇ ಬಿಟ್ಟೆವು; ಓಂ ಬೀಚ್, ಕುಡ್ಲೆಗಳು ಸುಂದರವಾಗಿಯೇ ಇವೆ, ಆದರೆ ಡಿಸೆಂಬರಿನಲ್ಲಿ ಅಲ್ಲಿ ಏಕಾಂತವನ್ನು ನಿರೀಕ್ಷಿಸುವುದು ಕಷ್ಟ.

ಅಲ್ಲಿಂದ ಹೊನ್ನಾವರ. ಅಘನಾಶಿನಿಗೆ ಹೋಲಿಸಿದರೆ ಶರಾವತಿ ಬೇರೆಯೇ ಸ್ವಭಾವದ ನದಿ. ಮೇಲೆ ಲಿಂಗನಮಕ್ಕಿಯಲ್ಲಿಯೂ ಗೇರುಸೊಪ್ಪೆಯಲ್ಲಿಯೂ ಕಟ್ಟಿಸಿಕೊಂಡು ಬಂದರೂ ಕಡಲ ಬಳಿ ಬಹಳ ಅಗಲವಾಗಿ ಹರಡಿಕೊಳ್ಳುತ್ತದೆ. ಅದನ್ನು ದಾಟುವ ಕೊಂಕಣ ರೈಲ್ವೆಯ ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದವಾಗಿದ್ದು, ಆ ಮಾರ್ಗದಲ್ಲೇ ಅತ್ಯಂತ ಉದ್ದನೆಯದು. ದೋಣಿವಿಹಾರವನ್ನು ಬೆಳಿಗ್ಗೆಯೇ ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಬೀಸಲು ತೊಡಗಿ ನೀರು ಕದಡುತ್ತದೆ, ಬೆಳಗಿನಲ್ಲಿಯೋ ಹೊಳೆ ತಟ್ಟೆಯಲ್ಲಿಟ್ಟ ಎಣ್ಣೆಯಂತೆ ಅಲುಗಾಡದೆ ಇರುತ್ತದೆ. ದೋಣಿ ಸೇತುವೆಯ ಕೆಳಗೆ ಹೋಗುವಾಗ ಮೇಲೆ ರೈಲು ಹಾದುಹೋದರೆ ಅದು ಅದೃಷ್ಟ. ನಮಗೆ ಸಿಕ್ಕಿದ್ದು ಗೂಡ್ಸ್ ಗಾಡಿ, ಅದರ ಸದ್ದು ಮುಗಿಯುವವರೆಗೆ ದೋಣಿಯವರು ಎಂಜಿನ್ನನ್ನು ನಿಲ್ಲಿಸಿಯೇ ಕಾದರು. ಬಾಡಿಗೆಯನ್ನು ಹತ್ತುವ ಮೊದಲೇ ಮಾತನಾಡಿಕೊಳ್ಳುವುದು, ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳುವುದು ಎರಡನ್ನೂ ಮರೆಯಬಾರದು.

ಹೊನ್ನಾವರದ ಹತ್ತಿರ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಅರಣ್ಯ ಇಲಾಖೆ ಮಾಡಿರುವ ಕಾಲುದಾರಿಯಿದೆ. ಉಬ್ಬರದಲ್ಲಿ ಹೋದರೆ ಹಲಗೆಯ ಕೆಳಗೆ ನೀರು ತುಂಬಿಕೊಂಡು ಮರಗಳು ತೇಲುವಂತೆ ಕಾಣುತ್ತವೆ, ಇಳಿತದಲ್ಲಿ ಹೋದರೆ ಕೆಸರಿನಿಂದ ಮೇಲೆದ್ದ ಉಸಿರಾಟದ ಬೇರುಗಳೂ ಅವುಗಳ ನಡುವೆ ಓಡಾಡುವ ಏಡಿಗಳೂ ಕಾಣುತ್ತವೆ. ನನಗೆ ಇಳಿತವೇ ಹೆಚ್ಚು ಇಷ್ಟವಾಯಿತು, ಇವರಿಗೆ ಉಬ್ಬರ. ಎರಡು ಸಲ ಹೋಗಿ ಬಂದು ವಾದವನ್ನು ಅಲ್ಲಿಗೇ ಬಿಟ್ಟೆವು. ಕಾಸರಕೋಡಿನ ಇಕೋ ಬೀಚ್ 2020ರಲ್ಲಿ, ಸ್ವಚ್ಛ ಹಾಗೂ ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದದ್ದು. ಶೌಚಾಲಯ, ಸ್ನಾನದ ವ್ಯವಸ್ಥೆ, ಜೀವರಕ್ಷಕರು ಎಲ್ಲ ಇರುವುದರಿಂದ ನೀರಿಗಿಳಿಯಬೇಕೆನ್ನುವವರು ಇಲ್ಲಿಯೇ ಇಳಿಯುವುದು ಒಳ್ಳೆಯದು. ಚಳಿಗಾಲದಲ್ಲಿ ಈ ಭಾಗದ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಆದ್ದರಿಂದ ರಾತ್ರಿ ದಡದಲ್ಲಿ ನಡೆಯುವವರು ಟಾರ್ಚನ್ನು ಆದಷ್ಟು ಕಡಿಮೆ ಬಳಸಬೇಕು. ಸಂಜೆಗೆ ಅಪ್ಸರಕೊಂಡದ ಗುಡ್ಡವನ್ನು ಹತ್ತಿದೆವು. ಅಲ್ಲಿನ ಜಲಪಾತ ಡಿಸೆಂಬರಿನ ವೇಳೆಗೆ ಸಣ್ಣದಾಗಿರುತ್ತದೆ. ಗುಡ್ಡದ ಮೇಲಿನಿಂದ ಕಾಣುವ ಕಡಲಿಗಾಗಿಯೇ ಹೋಗಬೇಕು.

ಮುರುಡೇಶ್ವರದಲ್ಲಿ ದೇವರ ದರ್ಶನ ಮಾಡಿ, 123 ಅಡಿಯ ಶಿವನನ್ನು ನೋಡಿ, ಊಟ ಮಾಡಿ ಹೊರಟೆವು. ಬೈಂದೂರಿನ ಒತ್ತಿನೆಣೆಯಲ್ಲಿ ಮಾತ್ರ ತಾಸುಗಟ್ಟಲೆ ಕೂತೆವು. ಸುಮನಾ ನದಿ ಸೋಮೇಶ್ವರದ ಮರಳನ್ನು ಬಳಸಿಕೊಂಡು ಕಡಲಿಗೆ ಸೇರುವ ರೀತಿ ಗುಡ್ಡದ ಮೇಲಿನಿಂದ ನಕ್ಷೆಯಲ್ಲಿ ಬರೆದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಹೆದ್ದಾರಿಯಲ್ಲಿ ಹೋಗುವವರಲ್ಲಿ ಎಷ್ಟೋ ಜನ ಇದನ್ನು ನೋಡದೆಯೇ ಮರವಂತೆಗೆ ಧಾವಿಸುತ್ತಾರೆ.

ಮರವಂತೆಯ ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸಲಾರದು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ ಎಂಬ ನೋಟ ನಿಜವಾಗಿಯೂ ಅಪರೂಪದ್ದು. ಆದರೆ ಹೆದ್ದಾರಿ ಚತುಷ್ಪಥವಾದ ಮೇಲೆ ವಾಹನಗಳ ಸದ್ದಿನಲ್ಲಿ ಅಲ್ಲಿ ನಿಂತು ಮಾತನಾಡುವುದೇ ಕಷ್ಟವಾಗಿದೆ, ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಳಿಂದಾಗಿ ಹಲವೆಡೆ ಮರಳಿಗೆ ಇಳಿಯುವುದೂ ಸುಲಭವಲ್ಲ. ನಾವು ರಸ್ತೆಯನ್ನು ಬಿಟ್ಟು ಸೌಪರ್ಣಿಕಾದ ಆಚೆ ದಡದ ಪಡುಕೋಣೆಯ ಕಡೆಗೆ ಹೋದೆವು. ಹೊಳೆಯ ನಡುವಿನ ಕುದ್ರುಗಳು (ನಡುಗಡ್ಡೆಗಳು), ತೆಂಗಿನ ಸಾಲಿನ ನಡುವೆ ಸಾಗುವ ಸಣ್ಣ ರಸ್ತೆ, ದಡಕ್ಕೆ ಕಟ್ಟಿದ ದೋಣಿಗಳು. ದೂರದಲ್ಲಿ ಹೆದ್ದಾರಿಯ ಲಾರಿಗಳು ಸದ್ದಿಲ್ಲದೆ ಹೋಗುವುದು ಕಾಣುತ್ತದೆ. ಕಡಲಿಗೆ ಇಷ್ಟು ಹತ್ತಿರ ಬಂದ ಸೌಪರ್ಣಿಕಾ ಇಲ್ಲಿ ಅದನ್ನು ಸೇರದೆ ತಿರುಗಿ, ದಕ್ಷಿಣದ ಗಂಗೊಳ್ಳಿಯಲ್ಲಿ ಇತರ ನದಿಗಳ ಜತೆಗೂಡಿಯೇ ಸೇರುತ್ತದೆ. ಆ ಸಂಗಮವನ್ನು ಕುಂದಾಪುರದ ಕೋಡಿಯ ಕಡೆಯಿಂದ, ಕಡಲಿನೊಳಗೆ ಚಾಚಿಕೊಂಡಿರುವ ಸೀವಾಕ್‌ನ ಮೇಲಿನಿಂದ ನೋಡಬಹುದು. ಮೀನುಗಾರಿಕೆಯ ದೋಣಿಗಳು ಗಂಗೊಳ್ಳಿ ಬಂದರಿಗೆ ಹಿಂದಿರುಗುವಾಗ ಸೀವಾಕ್‌ನ ಮುಂದೆಯೇ ಹಾದು ಹೋಗುತ್ತವೆ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಈ ದೃಶ್ಯ ಸಿಗುವುದಿಲ್ಲ.

ಅಳಿವೆಗಳ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನೀರು ಇಳಿಯುವ ಹೊತ್ತಿನಲ್ಲಿ ನದಿಯ ಹರಿವೂ ಇಳಿತದ ಸೆಳೆತವೂ ಸೇರಿ ಅಳಿವೆಯ ಬಾಯಲ್ಲಿ ಬಲವಾದ ಸೆಳೆತ ಉಂಟಾಗುತ್ತದೆ. ಮೇಲೆ ನೋಡುವುದಕ್ಕೆ ಶಾಂತವಾಗಿದ್ದರೂ ಈಜು ಬಲ್ಲವರೂ ಅಲ್ಲಿ ಇಳಿಯಬಾರದು. ತೆರೆದುಕೊಂಡ ಮರಳಿನ ದಿಬ್ಬದ ಮೇಲೆ ದೂರ ನಡೆದು ಹೋದವರು ಉಬ್ಬರ ಆರಂಭವಾಗುವ ಹೊತ್ತನ್ನು ಊರಿನವರಲ್ಲಿ ಕೇಳಿಕೊಂಡಿರಬೇಕು. ಇನ್ನೊಂದು ಸಂಗತಿ ಸ್ವಲ್ಪ ಸಂಕೋಚದ್ದು. ಇವು ಜನ ಬದುಕುವ ಊರುಗಳು. ದಡದಲ್ಲಿ ಬಲೆ ಹೆಣೆಯುವವರು, ಮೀನು ಒಣಗಿಸುವ ಹೆಂಗಸರು, ಶಾಲೆಯಿಂದ ಬರುವ ಮಕ್ಕಳು ಇರುತ್ತಾರೆ. ಕೈ ಹಿಡಿದು ನಡೆದರೆ ಯಾರೂ ಏನೂ ಅನ್ನುವುದಿಲ್ಲ, ಅದಕ್ಕಿಂತ ಹೆಚ್ಚಿನ ಸಲಿಗೆಗೆ ಕೋಣೆಯ ಜಗಲಿಯೇ ಸರಿಯಾದ ಜಾಗ. ಉಳಿದುಕೊಳ್ಳುವಲ್ಲಿ ಇಬ್ಬರ ಗುರುತಿನ ಚೀಟಿಯನ್ನೂ ಕೇಳುತ್ತಾರೆ, ಜತೆಗಿರಲಿ.

ಹುಣ್ಣಿಮೆಗೆ ರಜೆ ಹೊಂದಿಸಲಾಗದವರು ಅಮಾವಾಸ್ಯೆಯ ದಿನಗಳನ್ನು ಆರಿಸಿಕೊಳ್ಳಬಹುದು. ಸಂಜೆಯ ಇಳಿತ ಆಗಲೂ ಇರುತ್ತದೆ, ಚಂದ್ರನ ಬದಲು ನಕ್ಷತ್ರಗಳು ಸಿಗುತ್ತವೆ. ಹಿಂದಿರುಗುವ ಪಂಚಗಂಗಾ ರೈಲು ಕುಂದಾಪುರಕ್ಕೆ ರಾತ್ರಿಯ ಹೊತ್ತಿಗೆ ಬರುತ್ತದೆಯಾದ್ದರಿಂದ ಕೋಡಿಯಲ್ಲಿ ಸೂರ್ಯಾಸ್ತ ನೋಡಿಯೇ ಹೊರಡಬಹುದು. ಆದರೆ ನಿಲ್ದಾಣ ಇರುವುದು ಪೇಟೆಯಿಂದ ದೂರದ ಮೂಡ್ಲಕಟ್ಟೆಯಲ್ಲಿ, ಆಟೊಗೆ ಸಂಜೆಯೇ ಹೇಳಿಟ್ಟಿರಬೇಕು.