ಹಲಗೆ ಪೆಟ್ಟು ಮೊದಲು, ದನಿ ಆಮೇಲೆ

ಹಳೇ ಬಾಗಲಕೋಟೆಯ ಕಿಲ್ಲಾ ಎಂಬ ಭಾಗದಲ್ಲಿ ನಮ್ಮ ಮನೆ ಇತ್ತು. ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಅದು ಹೋಯಿತು, ನಾವು ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಬಂದೆವು. ಈಗ ಆ ಮನೆ ಉಳಿದಿರುವುದು ಒಂದು ಡಿವಿಡಿಯಲ್ಲಿ. 1996ರ ಹೋಳಿ ಹಬ್ಬಕ್ಕೆ ಕಾಕಾ ಬಾಡಿಗೆ ಕ್ಯಾಮೆರಾ ತಂದು ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಶೂಟ್ ಮಾಡಿದ್ದು. ಅದನ್ನೇ ಮುಂದೆ ಅಂಗಡಿಯೊಂದರಲ್ಲಿ ಡಿವಿಡಿ ಮಾಡಿಸಿದ್ದೆವು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಯಾವ ಕಾಲವಾಯಿತೋ.

ಈ ಸಲ ಅವ್ವ, "ಹೋಳಿಗೆ ಎಲ್ಲಾರೂ ಕೂಡತಾರ, ಅದನ್ನ ಟಿವಿಗೆ ಹಚ್ಚಪಾ. ತಾಸುಗಟ್ಟಲೆ ಬ್ಯಾಡ, ಚಂದ ಇದ್ದಷ್ಟ ಸಾಕು" ಅಂದಳು. ಅಂದರೆ ಎಡಿಟ್ ಮಾಡಲೇಬೇಕು.

ಲ್ಯಾಪ್‌ಟಾಪಿಗೆ ಡಿವಿಡಿ ಡ್ರೈವ್ ಇರಲಿಲ್ಲ, ಯುಎಸ್‌ಬಿ ಡ್ರೈವ್ ಒಂದನ್ನು ಕೊಂಡೆ. ಡಿಸ್ಕಿನೊಳಗೆ ವಿಡಿಯೋ_ಟಿಎಸ್ ಎಂಬ ಫೋಲ್ಡರ್. ಅದರಲ್ಲಿ ಐಎಫ್‌ಒ, ಬಿಯುಪಿ ಎಂಬ ಸಣ್ಣ ಫೈಲುಗಳು (ಯಾವುದಾದ ಮೇಲೆ ಯಾವುದು ಎಂಬ ಕ್ರಮ ಇರುವುದು ಮೊದಲನೆಯದರಲ್ಲಿ, ಎರಡನೆಯದು ಅದರ ನಕಲು), ಜೊತೆಗೆ ವಿಒಬಿ ಎಂಬ ದೊಡ್ಡವು. ನಿಜವಾದ ವಿಡಿಯೋ ಇರುವುದು ವಿಒಬಿಯಲ್ಲಿ. ಒಂದೊಂದೂ ಹೆಚ್ಚೆಂದರೆ 1 ಜಿಬಿ, ನನ್ನ ಡಿಸ್ಕಿನಲ್ಲಿ ಅಂಥವು ನಾಲ್ಕು. ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಅವನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ.

ವಿಒಬಿ ಒಳಗಿರುವುದು ಎಂಪೆಗ್-2 ಬಗೆಯ ವಿಡಿಯೋ, ಆದ್ದರಿಂದ ಹೆಸರಿನ ಬಾಲ ಬದಲಿಸಿ ಎಂಪಿಜಿ ಮಾಡಿದರೆ ನಡೆಯುತ್ತದೆ ಎಂದು ಗೆಳೆಯನೊಬ್ಬ ಹೇಳಿದ. ನಡೆಯಿತು ಕೂಡ. ನಾಲ್ಕನ್ನೂ ಸಾಲಾಗಿ ಜೋಡಿಸಿ, ಇಷ್ಟೇನಾ ಎಂದು ಬೀಗಿದೆ.

ಬೇರೆ ವಿಡಿಯೋ ಆಗಿದ್ದರೆ ತಪ್ಪು ಗೊತ್ತೇ ಆಗುತ್ತಿರಲಿಲ್ಲವೇನೋ. ಇದು ಹೋಳಿ, ಓಣಿ ತುಂಬ ಹಲಗೆ ವಾದ್ಯದ ಸದ್ದು. ಎರಡನೇ ಫೈಲಿಗೆ ಬರುತ್ತಲೇ ಕೋಲು ಹಲಗೆಗೆ ಬಿದ್ದ ಮೇಲೆ ತುಸು ತಡೆದು ದನಿ ಬಂತು. ನಾಲ್ಕನೆಯದರಲ್ಲಂತೂ ಬಾರಿಸುವವನು ಕೈ ಮೇಲೆತ್ತಿದಾಗ ಸಪ್ಪಳ! ಒಂದು ಸಂಜೆ ಪೂರ್ತಿ ದನಿಯನ್ನು ಹಿಂದೆ ಮುಂದೆ ಎಳೆದು ಕೂರಿಸಲು ಒದ್ದಾಡಿದೆ. ಅದು ಹಾಗೆ ಕೂರುವುದಲ್ಲ. ಡಿವಿಡಿ ಪಾಲಿಗೆ ಆ ನಾಲ್ಕೂ ಒಂದೇ ವಿಡಿಯೋ. 1 ಜಿಬಿ ತುಂಬಿದಲ್ಲಿ ಸುಮ್ಮನೆ ಮುರಿದಿಟ್ಟಿರುತ್ತಾರೆ. ಚಿತ್ರವೂ ದನಿಯೂ ಹೆಣೆದುಕೊಂಡೇ ಸಾಗುವುದರಿಂದ ಈ ಫೈಲಿನ ಕೊನೆಯ ಚಿತ್ರದ ದನಿ ಮುಂದಿನ ಫೈಲಿನ ತಲೆಗೆ ಬಿದ್ದಿರಬಹುದು. ಬೇರೆಬೇರೆ ಎತ್ತಿಕೊಂಡರೆ ಪ್ರತಿ ಕೂಡಿನಲ್ಲೂ ಚೂರು ಚೂರು ಕಳೆದುಹೋಗುತ್ತದೆ.

ಎಲ್ಲ ಅಳಿಸಿ, ಡಿಸ್ಕಿನಿಂದ ವಿಡಿಯೋ ಎತ್ತಿಕೊಡುವ ಸಾಫ್ಟ್‌ವೇರ್ ಒಂದನ್ನು ಹಿಡಿದು ಮತ್ತೆ ಶುರುಮಾಡಿದೆ. ಮೇಕ್‌ಎಂಕೆವಿ ಡಿಸ್ಕನ್ನು ಐಎಫ್‌ಒ ಹೇಳಿದ ಕ್ರಮದಲ್ಲೇ ಓದಿ ಒಂದೇ ಎಂಕೆವಿ ಫೈಲ್ ಮಾಡಿಕೊಟ್ಟಿತು. ಚಿತ್ರವನ್ನು ಹೊಸದಾಗಿ ಕುಗ್ಗಿಸುವುದಿಲ್ಲ, ಇದ್ದದ್ದನ್ನು ಇದ್ದಂತೆ ತರುತ್ತದೆ. ಮೊದಲ ಸಲ ಮಾತ್ರ ಕಾಲು ಭಾಗ ಓದಿ ಡ್ರೈವ್ ಗರಗರ ಎನ್ನುತ್ತ ನಿಂತಿತು. ಡಿಸ್ಕನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಿ ಹಾಕಿದ ಮೇಲೆ ಓದಿತು. ಹಾಡಿನ ಪ್ಲೇಟಿನಂತೆ ಸುತ್ತ ಸುತ್ತ ಒರೆಸಬಾರದು, ಗೀರು ಸುತ್ತಿನ ಉದ್ದಕ್ಕೂ ಬಿದ್ದರೆ ಡ್ರೈವಿಗೆ ತಿದ್ದಿಕೊಳ್ಳುವುದು ಕಷ್ಟ.

ಆ ಎಂಕೆವಿಯನ್ನು ಹ್ಯಾಂಡ್‌ಬ್ರೇಕ್‌ನಲ್ಲಿ (ವಿಡಿಯೋದ ಬಗೆ ಬದಲಿಸುವ ಸಾಫ್ಟ್‌ವೇರ್) ಎಡಿಟಿಂಗಿಗೆ ಒಗ್ಗುವ ಎಚ್.264 ಬಗೆಯ ಎಂಪಿ4 ಮಾಡಿದೆ. ಇಲ್ಲಿ ಅವಸರ ಬೇಡ. ನಮ್ಮ ಕಡೆಯ ಡಿವಿಡಿಗಳು ಪಾಲ್ ಎಂಬ ಟಿವಿ ಪದ್ಧತಿಯವು: 720×576 ಚುಕ್ಕಿಯ ಚಿತ್ರ, ಸೆಕೆಂಡಿಗೆ 25 ಫ್ರೇಮು. ಕ್ಯಾಸೆಟ್ಟಿನಿಂದ ಬಂದದ್ದರಲ್ಲಿ ಒಂದೊಂದು ಫ್ರೇಮಿನಲ್ಲೂ ಎರಡು ಅರ್ಧ ಚಿತ್ರಗಳು, ಒಂದರ ಗೆರೆಗಳ ನಡುವೆ ಇನ್ನೊಂದರ ಗೆರೆ. ಹಾಗೇ ಬಿಟ್ಟರೆ ಎರಚಿದ ಬಣ್ಣ, ಬೀಸಿದ ಕೈ ಎಲ್ಲ ಬಾಚಣಿಕೆ ಹಲ್ಲಿನಂತೆ ಕಾಣುತ್ತವೆ. ಡೀಇಂಟರ್‌ಲೇಸ್‌ನಲ್ಲಿ (ಆ ಗೆರೆಗಳನ್ನು ಬಿಡಿಸುವ ಆಯ್ಕೆ) ಬಾಬ್ ಆರಿಸಿ, ಒಂದೊಂದು ಅರ್ಧ ಚಿತ್ರವನ್ನೂ ಒಂದೊಂದು ಫ್ರೇಮಾಗಿಸಿ ಸೆಕೆಂಡಿಗೆ 50 ಫ್ರೇಮು ಮಾಡಿದೆ, ಹಲಗೆಯವನ ಕೈ ಸರಾಗವಾಯಿತು. ಕೆಳ ಅಂಚಿನಲ್ಲಿ ಕ್ಯಾಸೆಟ್ಟಿನ ಗುಜುಗುಜು ಗೆರೆಗಳಿದ್ದವು, ಅಷ್ಟನ್ನು ಕತ್ತರಿಸಿದೆ. ಅಗಲ ಕಡಿಮೆ ಇರುವ ಹಳೇ 4:3 ಚಿತ್ರವನ್ನು ಟಿವಿ ತುಂಬಲಿ ಎಂದು ಅಗಲಕ್ಕೆ ಎಳೆಯಲಿಲ್ಲ. ಹಾಗೆ ಎಳೆದರೆ ಮೊದಲೇ ದಪ್ಪಗಿದ್ದ ಕಾಕಾ ಸುಮ್ಮನಿರುತ್ತಿದ್ದನೇ?

ಹೋಳಿ ದಿನ ಹನ್ನೆರಡು ನಿಮಿಷದ ವಿಡಿಯೋ ಹಚ್ಚಿದೆ. ಹಲಗೆ ಪೆಟ್ಟಿಗೆ ಸರಿಯಾಗಿ ದನಿ. ಎಲ್ಲರೂ ತಮ್ಮ ತಮ್ಮ ಹಳೇ ಮುಖ ಹುಡುಕುತ್ತಿದ್ದರೆ ಅವ್ವ ಮಾತ್ರ, "ಪಡಸಾಲಿ ಎಲ್ಲೋ? ಅಂಗಳ ಇತ್ತಲ್ಲ, ತುಳಸಿಕಟ್ಟಿ?" ಅಂದಳು.

ಕಾಕಾ ಕ್ಯಾಮೆರಾ ಬಂದ್ ಮಾಡುವುದನ್ನು ಮರೆತು ಕೈಯಲ್ಲಿ ಜೋತುಬಿಟ್ಟುಕೊಂಡು ಮನೆಯೆಲ್ಲ ಓಡಾಡಿದ ಎರಡು ನಿಮಿಷ ಅದು. ನೆಲ, ಹೊಸ್ತಿಲು, ಯಾರದೋ ಕಾಲು. ಕಸವೆಂದು ನಾನು ಮೊದಲು ತೆಗೆದದ್ದೇ ಅದನ್ನು. ಎಂಕೆವಿ ಅಳಿಸಿರಲಿಲ್ಲ, ಪುಣ್ಯ. ಅಂದೇ ರಾತ್ರಿ ತಿರುಗಿ ಸೇರಿಸಿದೆ.