ಗಂಭೀರ ಕಾಯಿಲೆಯ ಖರ್ಚಿಗೆ ಆರೋಗ್ಯ ವಿಮೆ: ಪಾಲಿಸಿ ಆರಿಸುವುದು ಮತ್ತು ಬಳಸುವುದು ಹೇಗೆ?

ಕ್ಯಾನ್ಸರ್, ಹೃದ್ರೋಗ, ಮೂತ್ರಪಿಂಡ ವೈಫಲ್ಯದಂಥ ಕಾಯಿಲೆಗಳು ಬಂದಾಗ ಶಸ್ತ್ರಚಿಕಿತ್ಸೆಯ ಬಿಲ್ಲು ಕಟ್ಟಿದರೆ ಮುಗಿಯುವುದಿಲ್ಲ. ಕಿಮೋಥೆರಪಿ, ಡಯಾಲಿಸಿಸ್, ತಪಾಸಣೆ, ಔಷಧ ಎಂದು ಖರ್ಚು ತಿಂಗಳುಗಟ್ಟಲೆ ಮುಂದುವರಿಯುತ್ತದೆ. ಆದ್ದರಿಂದ ಎಷ್ಟು ಲಕ್ಷದ ವಿಮೆ ಎಂಬುದನ್ನಷ್ಟೇ ಅಲ್ಲ, ಆ ಹಣ ಯಾವ ಷರತ್ತಿನ ಮೇಲೆ ಸಿಗುತ್ತದೆ ಎಂಬುದನ್ನೂ ನೋಡಬೇಕು.

ಕರ್ನಾಟಕದವರು ಮೊದಲು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯನ್ನು ವಿಚಾರಿಸುವುದು ಒಳ್ಳೆಯದು. ಇದರಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಪ್ರತಿ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ದರ) ಶೇ. 30ರಷ್ಟು ನೆರವು, ವರ್ಷಕ್ಕೆ ಗರಿಷ್ಠ 1.5 ಲಕ್ಷ. ತುರ್ತು ಸಂದರ್ಭದ ಹೊರತು ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಎಪಿಎಲ್ ಕುಟುಂಬದವರಿಗೆ ಇದೊಂದೇ ಸಾಲದು. ಅವರಿಗೆ ಸ್ವಂತ ಪಾಲಿಸಿ ಅಗತ್ಯ.

ಪಾಲಿಸಿಯಲ್ಲಿ ನಾನು ಮೊದಲು ಹುಡುಕಿ ಓದಿ ಎನ್ನುವುದು ಕೊಠಡಿ ಬಾಡಿಗೆಯ ಮಿತಿಯನ್ನು. 5 ಲಕ್ಷದ ಪಾಲಿಸಿಯಲ್ಲಿ ದಿನದ ಬಾಡಿಗೆ ವಿಮಾ ಮೊತ್ತದ ಶೇ. 1ಕ್ಕೆ, ಅಂದರೆ 5,000 ರೂಪಾಯಿಗೆ ಸೀಮಿತವಾಗಿದೆ ಎಂದಿಟ್ಟುಕೊಳ್ಳಿ. ನೀವು 10,000ದ ಕೊಠಡಿಯಲ್ಲಿ ಹತ್ತು ದಿನ ಇದ್ದಿರಿ. ಬಾಡಿಗೆ 1 ಲಕ್ಷ, ವೈದ್ಯರು, ಆಪರೇಷನ್ ಥಿಯೇಟರ್ ಇತ್ಯಾದಿ ಶುಲ್ಕ 2 ಲಕ್ಷ, ಔಷಧ ಮತ್ತು ಪರೀಕ್ಷೆಗಳಿಗೆ 1 ಲಕ್ಷ, ಒಟ್ಟು 4 ಲಕ್ಷವಾಯಿತು. ವಿಮಾ ಕಂಪನಿ ಬಾಡಿಗೆಯಲ್ಲಿ ಅರ್ಧ ಕಡಿತ ಮಾಡುವುದಲ್ಲದೆ, ಅದೇ ಅನುಪಾತದಲ್ಲಿ ವೈದ್ಯರು, ಥಿಯೇಟರ್ ಇತ್ಯಾದಿ ಶುಲ್ಕವನ್ನೂ ಅರ್ಧಕ್ಕಿಳಿಸಬಹುದು. ಆಗ ಸಿಗುವುದು 2.5 ಲಕ್ಷ, ವಿಮಾ ಮೊತ್ತ ಇನ್ನೂ ಉಳಿದಿದ್ದರೂ 1.5 ಲಕ್ಷ ನೀವೇ ಕಟ್ಟಬೇಕು. ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ಈ ಮಿತಿಯಿಲ್ಲದ ಪಾಲಿಸಿ ಕೊಳ್ಳಿ. ಅಂಥದ್ದು ಸಿಗದಿದ್ದರೆ ದಾಖಲಾಗುವಾಗಲೇ ಮಿತಿಯೊಳಗಿನ ಕೊಠಡಿ ಕೇಳಿ.

ಅರ್ಜಿಯಲ್ಲಿ ಮಧುಮೇಹ, ರಕ್ತದೊತ್ತಡ, ಹಳೆಯ ಶಸ್ತ್ರಚಿಕಿತ್ಸೆ ಯಾವುದನ್ನೂ ಮುಚ್ಚಿಡಬೇಡಿ. ಏಜೆಂಟರು 'ಬರೆಯುವುದು ಬೇಡ' ಎಂದರೂ ಒಪ್ಪಬೇಡಿ, ಏಕೆಂದರೆ ಕ್ಲೇಮ್ ತಿರಸ್ಕಾರವಾದಾಗ ನಷ್ಟ ನಿಮ್ಮದು. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ (ಆ ಕಾಯಿಲೆಗೆ ವಿಮೆ ಸಿಗದ ಆರಂಭದ ಕಾಲ) 2024ರ ಏಪ್ರಿಲ್‌ನಿಂದ ಗರಿಷ್ಠ 36 ತಿಂಗಳು. ಪಾಲಿಸಿ ಸತತವಾಗಿ 60 ತಿಂಗಳು ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ. ಹಾಗಾಗಿ ಆರೋಗ್ಯವಾಗಿರುವಾಗಲೇ ಕೊಳ್ಳಿ, ನವೀಕರಣ ತಪ್ಪಿಸಬೇಡಿ.

5 ಲಕ್ಷದ ಪಾಲಿಸಿಯ ಮೇಲೆ ದೊಡ್ಡ ಮೊತ್ತದ ರಕ್ಷಣೆ ಬೇಕಿದ್ದರೆ ಸೂಪರ್ ಟಾಪ್-ಅಪ್ ಕಡಿಮೆ ಪ್ರೀಮಿಯಂನಲ್ಲಿ ದೊರೆಯುತ್ತದೆ. ಟಾಪ್-ಅಪ್ ಎಂದರೆ ನಿಗದಿತ ಮಿತಿ ದಾಟಿದ ಖರ್ಚನ್ನು ಭರಿಸುವ ಹೆಚ್ಚುವರಿ ಪಾಲಿಸಿ. ಆ ಮಿತಿ ದಾಟಿತೇ ಎಂದು ನೋಡಲು ಸಾದಾ ಟಾಪ್-ಅಪ್ ಪ್ರತಿ ಬಾರಿ ಆಸ್ಪತ್ರೆಗೆ ಸೇರಿದಾಗಿನ ಬಿಲ್ಲನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿದರೆ, ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸುತ್ತದೆ. ಪದೇ ಪದೇ ಕಿಮೋಥೆರಪಿಗೆ ಹೋಗುವ ರೋಗಿಗೆ ಈ ವ್ಯತ್ಯಾಸವೇ ನಿರ್ಣಾಯಕ.

ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಬೇರೆಯೇ ಬಗೆಯದು. ಪಟ್ಟಿಯಲ್ಲಿರುವ ಕಾಯಿಲೆ ದೃಢಪಟ್ಟರೆ ಬಿಲ್ಲು ಎಷ್ಟೇ ಇರಲಿ, ಇಡೀ ಮೊತ್ತ ಒಮ್ಮೆಗೇ ಬರುತ್ತದೆ. ಕೆಲಸಕ್ಕೆ ಹೋಗಲಾಗದ ತಿಂಗಳುಗಳಲ್ಲಿ ಮನೆ ನಡೆಸಲು ಇದು ಆಧಾರ. ಆದರೆ ಆರಂಭಿಕ ಹಂತದ ಕೆಲವು ಕ್ಯಾನ್ಸರ್‌ಗಳು ವ್ಯಾಖ್ಯೆಯಿಂದ ಹೊರಗುಳಿಯುತ್ತವೆ, ಎದೆ ತೆರೆದು ಮಾಡುವ ಬೈಪಾಸ್ ಶಸ್ತ್ರಚಿಕಿತ್ಸೆಯ ವ್ಯಾಖ್ಯೆಯಲ್ಲಿ ಆ್ಯಂಜಿಯೊಪ್ಲಾಸ್ಟಿ ಸೇರುವುದಿಲ್ಲ. ಇದನ್ನು ಸಾಮಾನ್ಯ ಪಾಲಿಸಿಗೆ ಪೂರಕವಾಗಿ ಕೊಳ್ಳಬೇಕೇ ಹೊರತು ಅದರ ಬದಲಿಗಲ್ಲ.

ಆಸ್ಪತ್ರೆಗೆ ಸೇರುವಾಗ ವಿಮಾ ಕಾರ್ಡು, ಗುರುತಿನ ಚೀಟಿಗಳನ್ನು ವಿಮಾ ಡೆಸ್ಕಿಗೆ ಕೊಡಿ. ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ) ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಅನುಮೋದನೆಗೆ ಮೂರು ಗಂಟೆಯೊಳಗೆ ಕಂಪನಿ ತೀರ್ಮಾನ ಹೇಳಬೇಕೆಂದು ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರಲ್ಲಿ ಆದೇಶಿಸಿದೆ. ಕ್ಲೇಮ್ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಪಡೆದು, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.